ಐದು ಘಾಟಿ, ನಾಲ್ಕು ರಾತ್ರಿ

ನಮ್ಮ ಅಪ್ಪನ ಲೈಸೆನ್ಸ್ ಕಸಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳಬೇಕಾದ ಹೊತ್ತಿಗೆ ಬಾಯಿ ಬಿಡದೆ ಆಮೇಲೆ ಒದ್ದಾಡುವ ಚಾಳಿ ನನ್ನದು. ಈ ಒಂದು ಸಲವಾದರೂ ಅದು ಬೇಡ.

ಅಪ್ಪನ ಹೆಸರು ಮೆಲ್ಕಿಯೋರ್ ಎಪ್, ಊರವರ ಬಾಯಲ್ಲಿ ಮೆಲ್ಕಿ. ವಯಸ್ಸು ಎಪ್ಪತ್ತೊಂಬತ್ತು. ಘಾಟಿಗಳ ಬುಡದ ಇದೇ ವಾಸೆನ್ ಹಳ್ಳಿಯಲ್ಲಿ ಹುಟ್ಟಿ, ಮೂವತ್ತೆಂಟು ವರ್ಷ ಹಳದಿ ಅಂಚೆ ಬಸ್ಸನ್ನು ಘಾಟಿಗಳ ಮೇಲೆ ಹತ್ತಿಸಿ ಇಳಿಸಿದವನು. ಘಾಟಿ ರಸ್ತೆಯಲ್ಲಿ ಅಂಚೆ ಬಸ್ಸು ಎದುರು ಬಂದರೆ ಉಳಿದವರೆಲ್ಲ ಹಿಂದಕ್ಕೆ ಸರಿದು ದಾರಿ ಬಿಡಬೇಕೆಂಬುದು ನಮ್ಮಲ್ಲಿ ಕಾನೂನು. ನಿವೃತ್ತಿಯಾಗಿ ಹದಿನಾಲ್ಕು ವರ್ಷವಾದರೂ ತನ್ನ ಸಣ್ಣ ಕಾರಿಗೂ ಅದೇ ಕಾನೂನು ಅನ್ವಯಿಸುತ್ತದೆಂದು ಅಪ್ಪ ನಂಬಿದ್ದ. ಎದುರಿನವರೂ ಹೇಗೋ ನಂಬಿ ಹಿಂದೆ ಸರಿಯುತ್ತಿದ್ದರು.

ಪ್ರತಿ ವರ್ಷ ಜುಲೈ ಎರಡನೇ ವಾರ ನಾವು ಘಾಟಿ ಪ್ರವಾಸ ಹೋಗುತ್ತೇವೆ. ಕಾರು ಅಪ್ಪನದು, ಓಡಿಸುವವನು ಅಪ್ಪ, ಯೋಜನೆಯೂ ಅಪ್ಪನದೇ. ಚಳಿಗಾಲದ ಕೊನೆಯ ಕಾರ್ನಿವಲ್ ಗದ್ದಲ ಮುಗಿದ ಮೇಲಿನ ಮೊದಲ ಭಾನುವಾರ, ಮಧ್ಯಾಹ್ನ ಮ್ಯಾಕರೋನಿ ಮತ್ತು ಸೇಬಿನ ಗೊಜ್ಜು ಉಂಡು ಮೇಜು ಒರೆಸುತ್ತಿದ್ದಂತೆ ಅಪ್ಪ ಕೆಳಗಿನ ತನ್ನ ಮನೆಯಿಂದ ನಕ್ಷೆ ತರುತ್ತಾನೆ. ಮಡಿಕೆಗಳೆಲ್ಲ ಹರಿದು, ಅಂಟುಪಟ್ಟಿಯ ಬಲದಿಂದ ನಿಂತಿರುವ ನಕ್ಷೆ. ಕಿವಿಯ ಹಿಂದೆ ಪೆನ್ಸಿಲ್. ಈ ವರ್ಷವೂ ಹಾಗೆಯೇ ಶುರುವಾಯಿತು.

"ಐದು ಘಾಟಿ, ನಾಲ್ಕು ರಾತ್ರಿ," ಎಂದ ಅಪ್ಪ. "ಮೊದಲ ದಿನ ಓಬರಾಲ್ಪ್. ಬೆಳಿಗ್ಗೆ ಏಳೂ ಹತ್ತಕ್ಕೆ ಮನೆ ಬಿಡೋದು."

"ಏಳೂವರೆಗೆ ಬಿಟ್ರೆ ಬೆಟ್ಟ ಓಡಿಹೋಗುತ್ತಾ ಮಾವ?" ಎಂದ ನನ್ನ ಗಂಡ ರೋಲಂಡ್. ಅವನು ಬಾಸೆಲ್ ಕಡೆಯವನು. ಒಂದೊಂದು ತಿರುವಿಗೂ ಒಂದೊಂದು ಸಲ ದೇವರನ್ನು ನೆನೆಯುವವನು.

"ಬೆಟ್ಟ ಎಲ್ಲಿಗೂ ಹೋಗಲ್ಲ ಅಳಿಯಂದ್ರೆ. ಮೋಟಾರ್ ಸೈಕಲ್‌ನೋರು ಎದ್ದು ಬರ್ತಾರೆ. ಎಲ್ಲ ನಿಮ್ಮ ಬಯಲುಸೀಮೆಯೋರೇ."

"ಸುರಂಗದಲ್ಲಿ ಹೋದ್ರೆ ಮೋಟಾರ್ ಸೈಕಲ್ ಕಾಟ ಇರಲ್ಲ."

"ಸುರಂಗದಲ್ಲಿ ಹೋಗೋದು ಇಲಿ ಕೆಲಸ."

ಪ್ರತಿ ವರ್ಷ ಇದೇ ಮಾತು, ಇದೇ ಉತ್ತರ, ಇದೇ ನಗು. ಓಬರಾಲ್ಪ್ ಇಳಿದು ಡಿಸೆಂಟಿಸ್‌ನಲ್ಲಿ ಅಕ್ರೋಟು ತುಂಬಿದ ಕೇಕು, ರಾತ್ರಿ ಅಲ್ಲೇ ಮಲಗುವುದು. ಎರಡನೇ ದಿನ ಲುಕ್‌ಮಾನಿಯರ್ ದಾಟಿ ಇಟಾಲಿಯನ್ ಮಾತಿನ ಕಡೆ, ಚೆಸ್ಟ್‌ನಟ್ ಮರದ ಕೆಳಗೆ ಕಲ್ಲು ಮೇಜಿನ ಮೇಲೆ ಮೆಕ್ಕೆಜೋಳದ ಮುದ್ದೆ. ಮೂರನೇ ದಿನ ನುಫೆನೆನ್. ನಾಲ್ಕನೇ ದಿನ ಗ್ರಿಮ್ಸೆಲ್. ಐದನೇ ದಿನ ಸುಸ್ಟೆನ್ ಹತ್ತಿ ಇಳಿದರೆ ನಮ್ಮ ಮನೆ ಬಾಗಿಲು. ಎಲ್ಲಿ ನಿಲ್ಲಬೇಕು, ಎಲ್ಲಿ ಬ್ರೇಕು ತಣಿಯಲು ಬಿಡಬೇಕು, ಎಲ್ಲಿಯ ಕಕ್ಕಸು ಚೊಕ್ಕಟ, ಎಲ್ಲವನ್ನೂ ಅಪ್ಪ ನಿಮಿಷದ ಲೆಕ್ಕದಲ್ಲಿ ಬರೆಯುತ್ತಾನೆ.

"ಅಜ್ಜ, ಈ ಸಲಾನೂ ನಂಗೆ ಕಾಲರಾ ತಿನ್ನಿಸ್ತೀಯಾ?" ಎಂದಳು ಹನ್ನೊಂದು ವರ್ಷದ ನನ್ನ ಮಗಳು ಫ್ಲೂರಿನಾ.

"ತಿನ್ನಿಸದೆ? ಎರಡೆರಡು ತುಂಡು."

ಆಲೂಗಡ್ಡೆ, ಈರುಳ್ಳಿ, ಸೇಬು, ಚೀಸ್ ತುಂಬಿ ಬೇಯಿಸುವ, ನುಫೆನೆನ್ ಆಚೆ ಕಡೆಯ ತಿಂಡಿಗೆ ಯಾವ ಪುಣ್ಯಾತ್ಮ ಆ ಹೆಸರಿಟ್ಟನೋ ಗೊತ್ತಿಲ್ಲ. ಫ್ಲೂರಿನಾ ಅದನ್ನು ತಿಂದು ಶಾಲೆಯಲ್ಲಿ, ನಮ್ಮಜ್ಜ ನಂಗೆ ಕಾಲರಾ ಬರಿಸಿದ, ಅಂತ ಹೇಳಿ ಟೀಚರಿಂದ ಫೋನು ಬರುವ ಹಾಗೆ ಮಾಡಿದ್ದಳು.

"ಕೋಣೆ ಮೂರು ಹೇಳಬೇಕು," ಎಂದು ಅಪ್ಪ ಬರೆದುಕೊಂಡ. "ನಿಮಗೊಂದು, ನನಗೂ ಮಗೂಗೂ ಒಂದು, ವೀಸಿಗೊಂದು. ಅವನ ಗೊರಕೆ ಜೊತೆ ಯಾರೂ ಮಲಗೋಕಾಗಲ್ಲ."

ವೀಸಿ ಅಂದರೆ ಡಾಕ್ಟರ್ ಅಲೋಯಿಸ್ ಗ್ನೋಸ್, ನಮ್ಮೂರಿನ ವೈದ್ಯರು. ನಾನು ಚಿಕ್ಕಂದಿನಿಂದ ವೀಸಿ ಮಾಮ ಅನ್ನುತ್ತೇನೆ. ಮದುವೆಯಾಗದ ಮನುಷ್ಯ. ಪ್ರತಿ ಗುರುವಾರ ಸಂಜೆ ಊರಿನ ಹೋಟೆಲಿನಲ್ಲಿ ಇಸ್ಪೀಟೆಲೆ ಆಡುವಾಗ ಅವರು ಮತ್ತು ಅಪ್ಪ ಒಂದು ಜೋಡಿ, ನಲವತ್ತು ವರ್ಷದಿಂದ. ಐದು ವರ್ಷದ ಹಿಂದೆ ಅಮ್ಮ ತೀರಿಕೊಂಡ ಮೇಲೆ ಪ್ರವಾಸಕ್ಕೂ ಬರತೊಡಗಿದರು. ಅಮ್ಮ ಕೂರುತ್ತಿದ್ದ ಮುಂದಿನ ಸೀಟಿಗೆ ನಾನು ಬಂದೆ, ನನ್ನ ಹಿಂದಿನ ಸೀಟಿಗೆ ಅವರು ಬಂದರು.

ಇದಾದ ಮುಂದಿನ ಶನಿವಾರ ಅಪ್ಪ ಮತ್ತು ನಾನು ಸಾಮಾನು ತರಲು ಆಲ್ಟ್‌ಡೋರ್ಫ್‌ಗೆ ಹೋಗಿದ್ದೆವು. ಬೇಕರಿಯ ಮುಂದೆ ಜೀಬ್ರಾ ಪಟ್ಟೆ. ಬಲಗಡೆಯ ಪಾದಚಾರಿ ದಾರಿಯಲ್ಲಿ ಒಬ್ಬ ಹೆಂಗಸು ಚಕ್ರದ ಚೀಲ ಹಿಡಿದು ನಿಂತಿದ್ದಳು. ನಮ್ಮ ಕಡೆ ನೋಡಿದಳು, ಕಾದಳು, ನಾವು ನಿಧಾನವಾಗಿದ್ದೇವೆ ಎಂದುಕೊಂಡು ಕಾಲಿಟ್ಟಳು. ನಾನು ಅದನ್ನು ಮೊದಲಿಂದ ಕೊನೆಯವರೆಗೆ ನೋಡಿದೆ. ಅಪ್ಪನೂ ನೋಡುತ್ತಿದ್ದಾನೆಂದು ತಿಳಿದಿದ್ದೆ. ಕಾರು ನಿಲ್ಲಲೇ ಇಲ್ಲ.

"ಅಪ್ಪಾ!" ಎಂದು ಕಿರುಚಿದೆ.

ಬ್ರೇಕು ಬಿತ್ತು. ಅವಳ ಮೊಣಕಾಲಿಗೂ ನಮ್ಮ ಬಂಪರಿಗೂ ಒಂದು ಗೇಣು. ಅವಳು ಬೈಯಲಿಲ್ಲ. ಬೀಳದಂತೆ ನಮ್ಮ ಕಾರಿನ ಬಾನೆಟ್ ಮೇಲೆ ಅಂಗೈ ಊರಿ ಎರಡು ಉಸಿರು ನಿಂತು, ಆಮೇಲೆ ದಾಟಿ ಹೋದಳು.

ಅಪ್ಪ ಮುಂದೆ ಹೋಗಿ ಕಾರು ನಿಲ್ಲಿಸಿದ. ಸ್ಟೇರಿಂಗ್ ಬಿಟ್ಟ ಕೈ ನಡುಗುತ್ತಿತ್ತು. ಆ ಕೈ ನಡುಗಿದ್ದನ್ನು ನಾನು ಅಮ್ಮನ ಹೆಣದ ಮುಂದೆಯೂ ನೋಡಿರಲಿಲ್ಲ.

"ಅವಳು ಎಲ್ಲಿಂದ ಬಂದ್ಲು?" ಎಂದ.

ನಾನು ಅಲ್ಲೇ ಹೇಳಬೇಕಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಆ ಮುಖ ನೋಡಿ ಬೇರೆಯೇ ಮಾತು ಹೊರಬಿತ್ತು.

"ಪರವಾಗಿಲ್ಲ ಬಿಡಪ್ಪ. ಅವಳೇ ನೋಡದೆ ಇಳಿದ್ಲು. ನಿಂದೇನೂ ತಪ್ಪಿಲ್ಲ."

"ಹೌದಾ?"

"ಹೌದು."

"ನಿಜವಾಗ್ಲೂ ಹೌದಾ?"

"ಹೌದಪ್ಪ, ನಾನೇ ನೋಡಿದೆನಲ್ಲ."

ಸೋಮವಾರ ನಾನು ಪತ್ರ ಬರೆದೆ.

ನಮ್ಮ ಜನದ ಗುಣ ಅದು. ಮೇಲಿನ ಮನೆಯವರು ನಿಯಮ ಮೀರಿ ಭಾನುವಾರ ಬಟ್ಟೆ ಒಗೆದರೆ ಕೆಳಗಿನವರು ಬಾಗಿಲು ತಟ್ಟಿ ಹೇಳುವುದಿಲ್ಲ, ಚೀಟಿ ಬರೆದು, ಎಲ್ಲ ಮನೆಗೂ ಸೇರಿ ಒಂದೇ ಇರುವ ಒಗೆಯುವ ಯಂತ್ರಕ್ಕೆ ಅಂಟಿಸುತ್ತಾರೆ. ಮಾರನೆಯ ದಿನ ಮೆಟ್ಟಿಲಲ್ಲಿ ಸಿಕ್ಕಾಗ ನಗುನಗುತ್ತಾ ಹವಾಮಾನದ ಬಗ್ಗೆ ಮಾತಾಡುತ್ತಾರೆ. ನಾನಂತೂ ಊರಿನ ಆಡಳಿತ ಕಚೇರಿಯಲ್ಲಿ ಇಪ್ಪತ್ತು ವರ್ಷದಿಂದ ಗುಮಾಸ್ತೆ. ಅಪ್ಪನಿಗೆ ಒಂದು ವಾಕ್ಯ ಹೇಳಲಾಗದವಳು ಸಾರಿಗೆ ಕಚೇರಿಗೆ ಒಂದು ಪುಟ ಬರೆದೆ. ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಸೇಬು ಕಚ್ಚುತ್ತಾ. ಬಲಗಡೆಯಿಂದ ಬರುವುದು ನನ್ನ ತಂದೆಗೆ ಕಾಣುವುದಿಲ್ಲ, ದಯವಿಟ್ಟು ಪರೀಕ್ಷಿಸಿ, ನನ್ನ ಹೆಸರನ್ನು ಗುಟ್ಟಾಗಿಡಿ ಎಂದು. ಯಾವ ದಿನ, ಯಾವ ಬೇಕರಿ ಎಂದು ಬರೆದರೆ ಅಪ್ಪನಿಗೆ ಗೊತ್ತಾದೀತೆಂದು ಅದನ್ನು ಬಿಟ್ಟೆ. ಎಂಥ ಜಾಣೆ ನೋಡಿ. ರೋಲಂಡ್‌ಗೂ ಹೇಳಲಿಲ್ಲ.

ಕಚೇರಿಗಳು ಆತುರ ಪಡುವುದಿಲ್ಲ. ಐದು ವಾರ ಏನೂ ಆಗಲಿಲ್ಲ. ಪ್ರತಿ ಬುಧವಾರ ಫ್ಲೂರಿನಾಳನ್ನು ಎರ್ಸ್ಟ್‌ಫೆಲ್ಡ್‌ಗೆ ಅಕಾರ್ಡಿಯನ್ ಪಾಠಕ್ಕೆ ಕರೆದೊಯ್ಯುವವನು ಅಪ್ಪ. ಮೊದಲ ಬುಧವಾರ ಅವಳಿಗೆ ಶೀತ ಎಂದೆ. ಎರಡನೆಯದಕ್ಕೆ ನಾನೇ ರಜೆ ಹಾಕಿ ಕರೆದೊಯ್ದೆ. ಮೂರನೆಯದಕ್ಕೆ ಹಲ್ಲಿನ ಡಾಕ್ಟರ್ ಎಂದೆ. ನಾಲ್ಕನೇ ಬುಧವಾರ ಅಪ್ಪ ಮೆಟ್ಟಿಲ ಕೆಳಗೆ ನಿಂತು, "ಏನು, ನನ್ನ ಕಾರೇನು ಗಬ್ಬು ಹೊಡೀತಿದ್ಯಾ?" ಎಂದು ಕೂಗಿದ. ಸುಳ್ಳಿನ ಗಂಟು ಖಾಲಿಯಾಗಿತ್ತು. ಮಗಳನ್ನು ಕೂರಿಸಿ ಬೆಲ್ಟು ನಾನೇ ಹಾಕಿದೆ. ಐದನೇ ಬುಧವಾರವೂ. ಅವರು ವಾಪಸು ಬರುವವರೆಗೆ ಎರಡೂ ದಿನ ಅಡುಗೆಮನೆಯಲ್ಲಿ ನಿಂತೇ ಇದ್ದೆ. ಹೆತ್ತ ಮಗಳನ್ನು ಕಣ್ಣು ಕಾಣದವನ ಕಾರಿಗೆ ಹತ್ತಿಸಿದೆ, ಯಾಕೆ ಹತ್ತಿಸುವುದಿಲ್ಲ ಎಂದು ಹೇಳುವ ಕಷ್ಟ ತಪ್ಪಿಸಿಕೊಳ್ಳುವುದಕ್ಕೆ. ಇದನ್ನು ಬರೆಯುವಾಗಲೂ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ.

ಆಮೇಲೆ ಕಚೇರಿಯಿಂದ ಕರೆ ಬಂತು. ಲುಟ್ಸೆರ್ನ್‌ನಲ್ಲಿ ಕಣ್ಣಿನ ಪರೀಕ್ಷೆ ಮಾಡಿದರು. ಅಪ್ಪ ಬುಸುಗುಡುತ್ತಾ ಬಂದ.

"ಒಂದು ಡಬ್ಬಿ ಒಳಗೆ ತಲೆ ಇಡಿಸ್ತಾರೆ. ಚುಕ್ಕಿ ಕಂಡಾಗೆಲ್ಲ ಗುಂಡಿ ಒತ್ತಬೇಕಂತೆ. ರಸ್ತೆ ಮೇಲೆ ಚುಕ್ಕಿ ಓಡಾಡುತ್ತಾ? ಬಸ್ಸು ಓಡಿಸಿದೋನಿಗೆ ಮಕ್ಕಳಾಟ ಆಡಿಸ್ತಾರೆ."

ಮೇ ತಿಂಗಳ ಕೊನೆಯಲ್ಲಿ, ಮೇಲೆ ಸುಸ್ಟೆನ್‌ನಲ್ಲಿ ಯಂತ್ರಗಳು ಹಿಮ ಕಡಿಯುತ್ತಿದ್ದಾಗ, ರಿಜಿಸ್ಟರ್ ಅಂಚೆಯಲ್ಲಿ ತೀರ್ಪು ಬಂತು. ಬಂದಿರುವ ಮಾಹಿತಿ ಹಾಗೂ ಪರೀಕ್ಷೆಯ ಆಧಾರದ ಮೇಲೆ ಲೈಸೆನ್ಸ್ ರದ್ದು. ಒಪ್ಪಿಗೆಯಿಲ್ಲದಿದ್ದರೆ ಮೂವತ್ತು ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು.

"ಬಂದಿರುವ ಮಾಹಿತಿ!" ಎಂದ ಅಪ್ಪ. "ಯಾರಿಂದ ಬಂತು? ನನ್ನ ಕಣ್ಣಿನ ವಿಷಯ ಎತ್ತಿದೋನು ಊರಲ್ಲಿ ಒಬ್ಬನೇ."

ಹೋದ ಅಕ್ಟೋಬರಿನಲ್ಲಿ, ನಮ್ಮಲ್ಲಿ ಮುದುಕರಿಗೆ ಎರಡು ವರ್ಷಕ್ಕೊಮ್ಮೆ ಆಗುವ ತಪಾಸಣೆಯಲ್ಲಿ, ವೀಸಿ ಮಾಮ ಅಪ್ಪನಿಗೆ ಕಣ್ಣಿನ ತಜ್ಞರ ಬಳಿ ಒಮ್ಮೆ ತೋರಿಸು ಎಂದಿದ್ದರು. ಅಪ್ಪ ತೋರಿಸಿರಲಿಲ್ಲ.

ಅಂದು ಗುರುವಾರ. ಆರು ಗಂಟೆಗೆ ಅಪ್ಪ ಕೋಟು ಹಾಕಿಕೊಂಡು ಹೊರಟಾಗ ನಾನೂ ಹಿಂದೆಯೇ ಓಡಿದೆ. ಹೋಟೆಲಿನಲ್ಲಿ ವೀಸಿ ಮಾಮ ಎಲೆ ಕಲಸುತ್ತಿದ್ದರು. ಪಕ್ಕದ ಮೇಜುಗಳೂ ತುಂಬಿದ್ದವು. ಅಪ್ಪ ಆ ಕಾಗದವನ್ನು ಎಲೆಗಳ ಮೇಲೆ ಬಡಿದಿಟ್ಟ.

"ಓದು. ನಿನ್ನ ಕೆಲಸ ತಾನೆ?"

ವೀಸಿ ಮಾಮ ಕನ್ನಡಕ ಏರಿಸಿ ಓದಿದರು. ಓದಿ ತಲೆಯೆತ್ತಿ ಒಂದು ಕ್ಷಣ ಅಪ್ಪನ ಭುಜದಾಚೆ ನಿಂತಿದ್ದ ನನ್ನನ್ನು ನೋಡಿದರು.

"ಕಣ್ಣಿನ ವಿಷಯ ಅಕ್ಟೋಬರಲ್ಲೇ ಹೇಳಿದ್ದೆ ಮೆಲ್ಕಿ," ಎಂದರು ಮೆಲ್ಲಗೆ.

"ನನಗೆ ಹೇಳಿದೆ, ಸರಿ. ಅವರಿಗೂ ಹೇಳಿದೆಯಲ್ಲೋ!"

ವೀಸಿ ಮಾಮ ಕಾಗದ ಮಡಿಸಿ ಅಪ್ಪನ ಕಡೆ ಸರಿಸಿದರು.

"ನಲವತ್ತು ವರ್ಷ ನಿನ್ನ ಎದುರು ಕೂತೆ. ನಿನ್ನ ಮುಖ ನೋಡಿದ್ರೆ ಕೈಲಿ ಏನೆಲೆ ಇದೆ ಅಂತ ಗೊತ್ತಾಗ್ತಿತ್ತು. ನೀನು ಇಂಥ ಹಲ್ಕಾ ಅಂತ ಮಾತ್ರ ಗೊತ್ತಾಗ್ಲಿಲ್ಲ."

ಇಡೀ ಹೋಟೆಲು ಕೇಳಿಸಿಕೊಂಡಿತು. ಅಪ್ಪ ಕಾಗದ ಎತ್ತಿಕೊಂಡು ಹೊರಟುಹೋದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. ಎತ್ತು ಬಾಗಿಲ ಪಕ್ಕದಲ್ಲಿ ಅಪ್ಪನ ಟೋಪಿ ಹಿಡಿದುಕೊಂಡು ನಿಂತಿತ್ತು.

ಆ ಭಾನುವಾರ ನಕ್ಷೆಯ ಮುಂದೆ ಕೂತು ಅಪ್ಪ ಒಂದು ಕೋಣೆ ಹೊಡೆದುಹಾಕಿದ. ನಾಲ್ಕು ಊರಿನ ಹೋಟೆಲುಗಳಿಗೆ ತಾನೇ ಫೋನು ಮಾಡಿ, ಎರಡೇ ಕೋಣೆ ಸಾಕು ಎಂದ. "ವೀಸಿ ಮಾಮ ಯಾಕೆ ಬರಲ್ಲ?" ಎಂದು ಫ್ಲೂರಿನಾ ಕೇಳಿದ್ದಕ್ಕೆ, "ಕಾರಲ್ಲಿ ಜಾಗ ಇಲ್ಲ," ಎಂದ. ಹೋದ ವರ್ಷ ಜಾಗ ಇತ್ತಲ್ಲ ಎಂದು ಅವಳು ನನ್ನ ಮುಖ ನೋಡಿದಳು. ನಾನು ತಟ್ಟೆ ತೊಳೆಯಲು ಎದ್ದೆ. ಕಾರು ಯಾರು ಓಡಿಸುತ್ತಾರೆ ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಅಪ್ಪನ ಲೆಕ್ಕದಲ್ಲಿ ಅದು ಪ್ರಶ್ನೆಯೇ ಆಗಿರಲಿಲ್ಲ. ಮೇಲ್ಮನವಿ ಹಾಕಿದ ಕೂಡಲೇ ಲೈಸೆನ್ಸ್ ಹಿಂದಕ್ಕೆ ಬರುವುದಿತ್ತು.

ಮಾರನೆಯ ದಿನ ಕೆಲಸ ಮುಗಿಸಿ ವೀಸಿ ಮಾಮನ ಮನೆಗೆ ಹೋದೆ. ತೋಟದಲ್ಲಿ ಮೊಣಕಾಲೂರಿ ಸೊಪ್ಪಿನ ಸಸಿ ನೆಡುತ್ತಿದ್ದರು.

"ಬಾ. ನೀನು ಬರೋದು ಯಾವಾಗ ಅಂತ ನೋಡ್ತಿದ್ದೆ," ಎಂದರು.

"ನಿಮಗೆ ಹೇಗೆ ಗೊತ್ತಾಯ್ತು?"

"ಗುರುವಾರ ನಿನ್ನ ಮುಖ ನೋಡಿದೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಿತ್ತು. ನಿಮ್ಮ ಮನೇಲಿ ಇನ್ಯಾರು ಬರೀತಾರೆ? ರೋಲಂಡ್‌ಗೆ ಅಷ್ಟು ಧೈರ್ಯ ಎಲ್ಲಿ."

"ನಾನಲ್ಲ ಅಂತ ನೀವು ಹೇಳಬಹುದಿತ್ತಲ್ಲ ಮಾಮ."

"ಹೇಳಬಹುದಿತ್ತು. ಆಮೇಲೆ ಅವನು ಯಾರ ಕಡೆ ತಿರುಗ್ತಿದ್ದ? ನೀನು ಅಲ್ಲೇ ನಿಂತಿದ್ದೆ. ಅಷ್ಟು ಜನರ ಮುಂದೆ ಮಗಳನ್ನ ಬೈದಿದ್ರೆ ಅವನಿಗೇ ನುಂಗಲಾರದ ತುತ್ತಾಗ್ತಿತ್ತು." ಸಸಿಯ ಬುಡಕ್ಕೆ ಮಣ್ಣು ಒತ್ತಿದರು. "ಮತ್ತೆ ನನಗೂ ಬೈಸ್ಕೊಳ್ಳೋ ಯೋಗ್ಯತೆ ಇದೆ. ಅಕ್ಟೋಬರಲ್ಲೇ ನಾನು ಬರೀಬೇಕಿತ್ತು. ಸ್ನೇಹ ಅಡ್ಡ ಬಂತು, ಬರೀಲಿಲ್ಲ. ನೀನು ಬರೆದೆ. ಒಳ್ಳೇದೇ ಮಾಡಿದೆ."

"ಒಳ್ಳೇದು ಅನ್ಬೇಡಿ ಮಾಮ."

"ಸರಿ, ಅನ್ನಲ್ಲ. ಆದ್ರೆ ಒಂದು ಮಾತು. ನಾನಾಗಿ ಬಾಯಿ ಬಿಡಲ್ಲ. ಅದು ನಿನ್ನ ಕೆಲಸ. ಸ್ವಲ್ಪ ಬೇಗ ಮಾಡು ಮಗು. ಗುರುವಾರ ಸಂಜೆ ತುಂಬಾ ಉದ್ದ ಆಗಿದೆ."

ಬೇಗ ಮಾಡಲಿಲ್ಲ. ಇನ್ನೂ ಮೂರು ವಾರ ಕಳೆದೆ. ಇವತ್ತು ಅಪ್ಪನಿಗೆ ಸೊಂಟ ನೋವು, ನಾಳೆ ಹೇಳೋಣ. ಇವತ್ತು ಅಮ್ಮ ಸತ್ತ ತಿಥಿ, ನಾಳೆ. ಇವತ್ತು ಅಪ್ಪ ನಗುತ್ತಿದ್ದಾನೆ, ಯಾಕೆ ಕೆಡಿಸುವುದು, ನಾಳೆ. ಹೇಡಿಗೆ ಪಂಚಾಂಗದಲ್ಲಿ ಒಂದೂ ಒಳ್ಳೆಯ ದಿನ ಸಿಗುವುದಿಲ್ಲ. ಕೆಳಗಿನ ಮನೆಯಿಂದ ಗುರುವಾರ ಸಂಜೆ ಟಿವಿಯ ಸದ್ದು ಕೇಳುತ್ತಿತ್ತು. ನಲವತ್ತು ವರ್ಷದಲ್ಲಿ ಗುರುವಾರ ಆ ಮನೆಯಲ್ಲಿ ಟಿವಿ ಹಾಕಿದ್ದೇ ಇಲ್ಲ.

ಜೂನ್ ಮೂರನೇ ಭಾನುವಾರ ಅಪ್ಪ ನಕ್ಷೆಯ ಜೊತೆಗೆ ಮೇಲ್ಮನವಿಯನ್ನೂ ತಂದ. ಕೈಬರಹ, ಎರಡು ಹಾಳೆ. ಫ್ಲೂರಿನಾ ಗೆಳತಿಯ ಮನೆಗೆ ಹೋಗಿದ್ದಳು. ರೋಲಂಡ್ ಪಾತ್ರೆ ತೊಳೆಯುತ್ತಿದ್ದ.

"ಓದಿ ತಪ್ಪು ತಿದ್ದು. ಕೊನೇಲಿ ನಿನ್ನ ಸಹಿ ಹಾಕು," ಎಂದು ಪೆನ್ಸಿಲ್ ಬದಲು ಪೆನ್ನು ಕೊಟ್ಟ. "ಶನಿವಾರಕ್ಕೆ ಮೂವತ್ತು ದಿನ ಮುಗಿಯುತ್ತೆ."

ಓದಿದೆ. ಮೂವತ್ತೆಂಟು ವರ್ಷದಲ್ಲಿ ಒಂದೂ ಅಪಘಾತವಿಲ್ಲ ಎಂದಿತ್ತು. ಅದು ನಿಜ. ಅದರ ಕೆಳಗೆ ಹೀಗಿತ್ತು: "ಈ ಮಾರ್ಚ್‌ನಲ್ಲಿ ಆಲ್ಟ್‌ಡೋರ್ಫ್‌ನಲ್ಲಿ ಒಬ್ಬ ಹೆಂಗಸು ರಸ್ತೆ ನೋಡದೆ ನನ್ನ ಕಾರಿನ ಮುಂದೆ ಇಳಿದಾಗಲೂ ಸಮಯಕ್ಕೆ ಸರಿಯಾಗಿ ಬ್ರೇಕ್ ಹಾಕಿ ಅವಳ ಜೀವ ಉಳಿಸಿದ್ದೇನೆ. ಪಕ್ಕದಲ್ಲಿ ಕೂತಿದ್ದ ನನ್ನ ಮಗಳು ಪ್ರಿಸ್ಕಾ ಇದಕ್ಕೆ ಸಾಕ್ಷಿ. ತಪ್ಪು ಆ ಹೆಂಗಸಿನದೆಂದು ಅವಳೇ ಸ್ಥಳದಲ್ಲಿ ಹೇಳಿದ್ದಾಳೆ."

ನಾನು ಆ ಸಾಲನ್ನು ಎರಡು ಸಲ ಓದಿದೆ. ಬಾನೆಟ್ ಮೇಲೆ ಅಂಗೈ ಊರಿ ನಿಂತವಳ ಮುಖ ಕಣ್ಣಿಗೆ ಕಟ್ಟಿತು.

"ನಾನು ಸಹಿ ಹಾಕಲ್ಲ ಅಪ್ಪ."

"ಯಾಕೆ? ಆಡಳಿತ ಕಚೇರಿಯೋರು ಸಾಕ್ಷಿ ಹಾಕಬಾರದು ಅಂತ ಕಾನೂನಿದ್ಯಾ?"

ಪಾಪ, ಅಪ್ಪನೇ ಬಾಗಿಲು ತೆರೆದುಕೊಟ್ಟಿದ್ದ. ಹೂಂ ಅಂದಿದ್ದರೆ ಮುಗಿಯುತ್ತಿತ್ತು. ನನ್ನ ತಲೆ ಅಲ್ಲಾಡಲು ಹೊರಟಿದ್ದೂ ನಿಜ.

"ಇಲ್ಲ. ವೀಸಿ ಮಾಮ ಏನೂ ಬರೀಲಿಲ್ಲ. ಕಚೇರಿಗೆ ಬರೆದೋಳು ನಾನು."

ರೋಲಂಡ್ ನಲ್ಲಿ ನಿಲ್ಲಿಸಿದ. ಅಪ್ಪ ನನ್ನನ್ನು ನೋಡಿದ. ಕೂಗಾಡುತ್ತಾನೆ ಎಂದುಕೊಂಡಿದ್ದೆ. ಕೂಗಾಡಲಿ ಎಂದು ಬೇಡಿಕೊಳ್ಳುತ್ತಿದ್ದೆ.

"ಏನಂತ ಬರೆದೆ?"

"ಬಲಗಡೆಯಿಂದ ಬರೋದು ನಿನಗೆ ಕಾಣಲ್ಲ ಅಂತ."

"ಯಾವಾಗ?"

"ಆಲ್ಟ್‌ಡೋರ್ಫ್‌ಗೆ ಹೋಗಿ ಬಂದ ಸೋಮವಾರ."

"ಶನಿವಾರ ನೀನು, ಅವಳೇ ನೋಡದೆ ಇಳಿದ್ಲು ಅಂದೆ."

"ಅಂದೆ."

"ಸುಳ್ಳಾ?"

"ಸುಳ್ಳು. ಅವಳು ನೋಡ್ಕೊಂಡೇ ಇಳಿದ್ಲು ಅಪ್ಪ. ನಿಂತು, ಕಾದು ಇಳಿದ್ಲು."

ಅಪ್ಪ ಕುರ್ಚಿಗೆ ಒರಗಿದ. ಸ್ವಲ್ಪ ಹೊತ್ತು ಮೇಜಿನ ಅಂಚನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದ.

"ನಾನು ಅವತ್ತು ನಿನ್ನ ಎರಡು ಸಲ ಕೇಳಿದೆ. ಹೌದಾ, ನಿಜವಾಗ್ಲೂ ಹೌದಾ ಅಂತ. ಯಾಕೆ ಕೇಳಿದೆ ಗೊತ್ತಾ? ನನಗೆ ಅವಳು ಕಾಣಲೇ ಇಲ್ಲ. ನೀನು ನೋಡಿದೆ ಅಂದೆ. ನನ್ನ ಕಣ್ಣು ಬಿಟ್ಟು ನಿನ್ನ ಕಣ್ಣು ನಂಬಿದೆ."

"ನಿನಗೆ ಬೇಜಾರಾಗುತ್ತೆ ಅಂತ..."

"ಪತ್ರ ಬರೆದಿದ್ದು ಸರಿ. ಬರೀಬೇಕಾದ್ದೇ. ಅದಕ್ಕೆ ನಾನೇನೂ ಅನ್ನಲ್ಲ." ಹಾಳೆಗಳನ್ನು ನನ್ನ ಮುಂದಿನಿಂದ ಎಳೆದುಕೊಂಡ. "ಬರೆದ ಮೇಲೆ ಫ್ಲೂರಿನಾನ ನನ್ನ ಕಾರಿಗೆ ಹತ್ತಿಸಿದೆಯಲ್ಲ ಪ್ರಿಸ್ಕಾ. ಎರಡು ಸಲ. ಏನಾದ್ರೂ ಆಗಿದ್ರೆ? ನೀನು ಒಂದೇ ಒಂದು ಮಾತು ಹೇಳಿದ್ರೆ ನಾನು ಆ ಮಗೂನ ಹತ್ತಿಸ್ಕೋತಿದ್ನಾ? ನನ್ನ ಏನಂತ ತಿಳ್ಕೊಂಡೆ?"

ಹೇಳಿದ್ದರೆ ಅಂದೇ ಕೀಲಿ ಕೊಟ್ಟುಬಿಡುತ್ತಿದ್ದನೇ, ಇಲ್ಲ ರೇಗಾಡಿ ಇನ್ನೂ ಓಡಿಸುತ್ತಿದ್ದನೇ, ನನಗೆ ಗೊತ್ತಿಲ್ಲ. ಇನ್ನು ಎಂದೂ ಗೊತ್ತಾಗುವುದಿಲ್ಲ. ಅದನ್ನು ತಿಳಿಯುವ ಅವಕಾಶವನ್ನು ಆ ಶನಿವಾರ ಬೇಕರಿಯ ಮುಂದೆ ನಾನೇ ಕಳೆದಿದ್ದೆ. ಬಾಯಿ ತೆರೆದರೆ ಅಳು ಬರುತ್ತಿತ್ತು, ಅಳುವ ಹಕ್ಕೂ ಇಲ್ಲವೆನಿಸಿ ಹಲ್ಲು ಕಚ್ಚಿ ಕೂತೆ. ರೋಲಂಡ್ ಒದ್ದೆ ಕೈಯಲ್ಲೇ ನಿಂತಿದ್ದ. ಅವನ ಮಗಳೂ ಹೌದಲ್ಲ ಅವಳು. ಅವನು ನನ್ನ ಕಡೆ ನೋಡಲಿಲ್ಲ.

ಅಪ್ಪ ಮೇಲ್ಮನವಿಯನ್ನು ನಾಲ್ಕು ತುಂಡಾಗಿ ಹರಿದು, ಎದ್ದು ಹೋಗಿ, ಮೂಲೆಯಲ್ಲಿದ್ದ ಹಳೇ ಪೇಪರ್ ಕಟ್ಟಿನ ದಾರ ಸಡಿಲಿಸಿ ಅದರೊಳಗೆ ಸೇರಿಸಿದ. ಸಿಟ್ಟು ಬಂದರೂ ಕಸ ಬೇರೆ ಮಾಡಿಯೇ ಹಾಕುವ ಜನ ನಾವು. ಆಮೇಲೆ ಕೋಟು ಹಾಕಿಕೊಂಡ.

"ವೀಸಿ ಹತ್ರ ಹೋಗ್ತೀನಿ."

"ನಾನೂ ಬರ್ತೀನಿ ಅಪ್ಪ. ತಪ್ಪು ನಂದು."

"ಹಲ್ಕಾ ಅಂದೋನು ನಾನು. ನೀನು ಬಂದು ಏನು ಮಾಡ್ತೀಯ?"

ಕಿಟಕಿಯಿಂದ ನೋಡುತ್ತಿದ್ದೆ. ನಮ್ಮ ಮನೆಯ ಮುಂದೆ ದೊಡ್ಡ ರಸ್ತೆ ದಾಟಬೇಕು. ಅಪ್ಪ ಅಂಚಿನಲ್ಲಿ ನಿಂತು ಕತ್ತನ್ನಷ್ಟೇ ಅಲ್ಲ, ಇಡೀ ಮೈಯನ್ನು ಬಲಕ್ಕೆ ತಿರುಗಿಸಿ ನೋಡಿದ. ಮತ್ತೆ ಎಡಕ್ಕೆ. ಮತ್ತೆ ಬಲಕ್ಕೆ. ಒಂದು ಕಾರು ನಿಂತು, ಹೋಗಿ ಎಂದು ಕೈ ಮಾಡಿತು. ಆದರೂ ಅಪ್ಪ ನಿಂತೇ ಇದ್ದ. ಹಿಂದೆ ಇನ್ನೆರಡು ಕಾರು ಸಾಲುಗಟ್ಟಿದವು. ಆ ಮೇಲೆ ದಾಟಿದ. ಹೀಗೆ ರಸ್ತೆ ದಾಟುವುದನ್ನು ಎಷ್ಟು ದಿನದಿಂದ ರೂಢಿ ಮಾಡಿಕೊಂಡಿದ್ದನೋ, ಒಂದೇ ಮನೆಯಲ್ಲಿದ್ದು ನಾನು ನೋಡಿರಲಿಲ್ಲ.

ಕತ್ತಲಾಗುವ ಮುಂಚೆ ಬಂದ. ಬಾಯಲ್ಲಿ ಚೆರ್ರಿ ಸಾರಾಯಿಯ ವಾಸನೆಯಿತ್ತು. ಅಲ್ಲಿ ಇಬ್ಬರೂ ಏನು ಮಾತಾಡಿಕೊಂಡರೆಂದು ಹೇಳಲಿಲ್ಲ, ನಾನು ಕೇಳಲೂ ಇಲ್ಲ. "ವೀಸಿ ಬರ್ತಾನೆ. ನಾಳೆ ಹೋಟೆಲಿಗೆಲ್ಲ ಫೋನ್ ಮಾಡಿ ಮೂರನೇ ಕೋಣೆ ಕೇಳು," ಎಂದಷ್ಟೇ ಹೇಳಿ, ಇನ್ನೂ ಮೇಜಿನ ಮೇಲೇ ಬಿದ್ದಿದ್ದ ನಕ್ಷೆಯ ಮುಂದೆ ಕೂತ.

"ಈ ಸಲ ನೀನೇ ಓಡಿಸಬೇಕು," ಎಂದ. "ಅಳಿಯಂದ್ರು ಓಡಿಸಿದ್ರೆ ಮನೆ ಸೇರೋದು ಕ್ರಿಸ್‌ಮಸ್‌ಗೆ."

ರೋಲಂಡ್ ನಗಲು ನೋಡಿದ. ಅಪ್ಪ ರಬ್ಬರು ತೆಗೆದುಕೊಂಡು ಒಂದೊಂದೇ ಸಮಯ ಅಳಿಸತೊಡಗಿದ. ಓಬರಾಲ್ಪ್‌ಗೆ ಇಪ್ಪತ್ತು ನಿಮಿಷ ಹೆಚ್ಚು ಕೊಟ್ಟ, ನುಫೆನೆನ್‌ಗೆ ನಲವತ್ತು. ಗ್ರಿಮ್ಸೆಲ್ ತಿರುವುಗಳಲ್ಲಿ ಎಲ್ಲಿ ಗೇರು ಇಳಿಸಬೇಕೆಂದು ನನಗಾಗಿ ಅಂಚಿನಲ್ಲಿ ಸಣ್ಣಗೆ ಬರೆದ. ಕಣ್ಣನ್ನು ಕಾಗದಕ್ಕೆ ತೀರಾ ಹತ್ತಿರ ಹಿಡಿದಿದ್ದ. ಮೂವತ್ತೆಂಟು ವರ್ಷದ ವಿದ್ಯೆಯನ್ನು, ಹೀಗೆ ಮೋಸ ಮಾಡಿದ ಮಗಳಿಗೆ, ಬೈಯದೆ ಧಾರೆ ಎರೆಯುತ್ತಿದ್ದ. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

"ನೀನು ಪಕ್ಕದಲ್ಲಿ ಇರ್ತೀಯಲ್ಲಪ್ಪ," ಎಂದೆ. "ಬರೆಯೋದ್ಯಾಕೆ? ಅಲ್ಲೇ ಹೇಳು."

"ಪಕ್ಕದಲ್ಲಿ ವೀಸಿ ಕೂರ್ತಾನೆ. ನಾನು ಹಿಂದೆ, ಮಗು ಜೊತೆ."

"ಯಾಕೆ? ದಾರಿ ಗೊತ್ತಿರೋದು ನಿನಗೆ. ವೀಸಿ ಮಾಮಂಗೆ ಏನು ಗೊತ್ತು?"

"ದಾರಿ ನಿನಗೂ ಗೊತ್ತು." ಅಪ್ಪ ತಲೆಯೆತ್ತಲಿಲ್ಲ, ಬರೆಯುತ್ತಲೇ ಇದ್ದ. "ತಿರುವಲ್ಲಿ ನೀನು ತಪ್ಪು ಮಾಡಿದೆ ಅಂತಿಟ್ಕೋ. ನಿನ್ನ ಕೈ ನಡುಗ್ತಿರುತ್ತೆ. ನನ್ನ ಕಡೆ ನೋಡ್ತೀಯ. ಪಾಪ ಅನ್ನಿಸಿ ನಾನೂ ಪರವಾಗಿಲ್ಲ ಬಿಡು ಅಂದುಬಿಡ್ತೀನಿ. ವೀಸಿ ಅನ್ನಲ್ಲ. ಅವನು ಬೈತಾನೆ."

ಅಪ್ಪ ಇದನ್ನು ಚುಚ್ಚಲೆಂದು ಹೇಳಲಿಲ್ಲ. ಯಾವ ಬೋಲ್ಟು ಸಡಿಲವಾಗಿದೆ ಎಂದು ಹೇಳುವ ಹಾಗೆ ಹೇಳಿ, ಮುಂದಿನ ಘಾಟಿಯ ಲೆಕ್ಕಕ್ಕೆ ಹೋದ. ಚುಚ್ಚಲೆಂದು ಹೇಳಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.